ಫಾರಿನ್ ಗೋಣಿ

ಮಗಳು ಸ್ಪೇನಿನಿಂದ ತಂದುಕೊಟ್ಟ ಎಸ್ಪಡ್ರಿಲ್, ಅಂದರೆ ಹೆಣೆದ ದಾರದ ಅಟ್ಟೆಯ ಬಟ್ಟೆ ಶೂ, ಮೊದಲ ಮಳೆಗೇ ಮಲಗಿತು. ತರಕಾರಿ ತಂದು ಮನೆ ಸೇರುವಷ್ಟರಲ್ಲಿ ಅಟ್ಟೆ ಚಹಾದಲ್ಲಿ ಬಿದ್ದ ರಸ್ಕಿನಂತೆ ಊದಿಕೊಂಡಿತ್ತು. ಬಸ್‌ಸ್ಟ್ಯಾಂಡ್ ಪಕ್ಕ ಚಪ್ಪಲಿ ರಿಪೇರಿ ಮಾಡುವವರು ಉಗುರಿನಿಂದ ಕೆರೆದು ನೋಡಿ, "ಇದು ಗೋಣಿ ದಾರ ಸ್ವಾಮಿ, ಎಷ್ಟು ಕೊಟ್ರಿ?" ಎಂದರು. ಬೆಲೆ ನನಗೆ ಗೊತ್ತಿತ್ತು. ಹೇಳಲಿಲ್ಲ.

ನನ್ನ ಸಿಟ್ಟು ಗೋಣಿಯ ಮೇಲಲ್ಲ, ಹೆಸರಿನ ಮೇಲೆ. ಎಸ್ಪಡ್ರಿಲ್ ಅನ್ನುವ ಮಾತು ಹುಟ್ಟಿದ್ದೇ ಎಸ್ಪಾರ್ಟೊ ಹುಲ್ಲಿನಿಂದ. ಸ್ಪೇನಿನ ಮುರ್ಸಿಯಾ, ಅಲ್ಮೇರಿಯಾ ಕಡೆಯ ಒಣಗುಡ್ಡಗಳಲ್ಲಿ ಅದನ್ನು ಕುಯ್ಯುವುದಿಲ್ಲ, ಕೋಲಿಗೆ ಸುತ್ತಿ ಎಳೆದು ಕೀಳುತ್ತಾರೆ. ರೋಮನ್ನರು ಅಲ್ಲಿನ ಕಾರ್ತಹೇನಾ ಊರಿಗೇ ಆ ಹುಲ್ಲಿನ ಹೆಸರು ಅಂಟಿಸಿದ್ದರು. ಈಗ ಅಟ್ಟೆಗೆ ಹೆಚ್ಚಾಗಿ ಸೆಣಬು, ಅದೂ ಬಂಗಾಳದ ಕಡೆಯದು. ನಮ್ಮ ಕಡೆಯ ಗೋಣಿಯೇ ಹಡಗು ಹತ್ತಿ ಹೋಗಿ, ಹೆಸರು ಬದಲಿಸಿಕೊಂಡು, ವಿಮಾನದಲ್ಲಿ ವಾಪಸ್ಸು ಬಂತು.

ಆ ರಾತ್ರಿ ನಿದ್ದೆ ಬರದೆ ಅಲ್ಬುನ್ಯೋಲಿನ ಬಾವಲಿ ಗುಹೆಯ ಕಥೆ ಓದುತ್ತ ಕೂತೆ. ಅದೂ ಸ್ಪೇನಿನದೇ, ಗ್ರನಾಡಾ ಪ್ರಾಂತ್ಯದ್ದು. ಮೊದಲು ಒಬ್ಬ ಜಮೀನುದಾರ ಬಾವಲಿ ಹಿಕ್ಕೆಯನ್ನು ಹೊಲಕ್ಕೆ ಹೊತ್ತ. ಆಮೇಲೆ ಗುಹೆಯೇ ಆಡಿನ ದೊಡ್ಡಿಯಾಯಿತು. 1857ರಲ್ಲಿ ಸೀಸದ ಅದಿರಿಗಾಗಿ ಗಣಿಯವರು ನುಗ್ಗಿದರೆ ಒಳಗೆ ಹೆಣಗಳು! ಒಂದರ ತಲೆಗೆ ಚಿನ್ನದ ಪಟ್ಟಿ, ಸುತ್ತ ಎಸ್ಪಾರ್ಟೊ ಬುಟ್ಟಿ, ಎಸ್ಪಾರ್ಟೊ ಚಪ್ಪಲಿ. ಎಸೆದದ್ದು ಯಾವುದನ್ನು, ಎತ್ತಿಟ್ಟದ್ದು ಯಾವುದನ್ನು ಅಂತ ಬಿಡಿಸಿ ಹೇಳಬೇಕೆ? ಹತ್ತು ವರ್ಷ ಕಳೆದು ಮಾನ್ವೆಲ್ ದೆ ಗೊಂಗೊರಾ ಎಂಬ ವಿದ್ವಾಂಸ ಬಂದು, ಅಳಿದುಳಿದದ್ದನ್ನು ಕೂಡಿಹಾಕಿ, ಕಂಡವರ ಬಾಯಿಂದ ಕೇಳಿ ಬರೆದಿಟ್ಟ. ಆ ಚಪ್ಪಲಿಗಳಿಗೆ ಸುಮಾರು 6,200 ವರ್ಷ, ಕೆಲವು ಬುಟ್ಟಿಗಳಿಗೆ 9,500 ವರ್ಷ ಎಂದು 2023ರಲ್ಲಿ ಪ್ರಕಟವಾಯಿತು. ಫೋಟೋ ಹಿಗ್ಗಿಸಿ ನೋಡಿದೆ. ಹೆಣಿಗೆ ಒಂದೆಳೆಯೂ ಅಡ್ಡಾದಿಡ್ಡಿ ಇಲ್ಲ. ನಮ್ಮ ಉಂಗುಟದ ಹಾಗೆ ಹೆಬ್ಬೆರಳ ಪಕ್ಕ ತೂರಿಸಲು ಒಂದು ಎಳೆಯೂ ಇತ್ತೆನ್ನುತ್ತಾರೆ.

ಗುಹೆಯ ಒಣಹವೆ ಅವನ್ನು ಕಾಪಾಡಿತಂತೆ. ಇರಬಹುದು. ಅಲ್ಲಿ ನಮ್ಮ ಬೆಂಗಳೂರಿನ ಒಂದೇ ಒಂದು ಸಂಜೆಮಳೆ ಸುರಿದಿದ್ದರೆ ಗೊತ್ತಾಗುತ್ತಿತ್ತು! ಆದರೂ ಕೈಕೆಲಸದ ಬಗ್ಗೆ, ಬಾಳಿಕೆಯ ಬಗ್ಗೆ ಏನೋ ದೊಡ್ಡ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು.

ಬೆಳಿಗ್ಗೆ ಮತ್ತೆ ಬಸ್‌ಸ್ಟ್ಯಾಂಡಿಗೆ ಹೋದೆ. "ಟೈರ್ ಅಟ್ಟೆ ಹಾಕ್ಬಿಡ್ಲಾ ಸ್ವಾಮಿ?" ಎಂದರು. ಹಾಕಿ ಎಂದೆ. ಮಗಳಿಗೆ ಇನ್ನೂ ಹೇಳಿಲ್ಲ.