ಟ್ಯೂಬ್ ಮೇಲೆ ಟ್ಯೂಬ್ ಹಾಕುವ ಮುನ್ನ: ಕೆಚ್ಚಲು ಬಾವಿನ ಬ್ಯಾಕ್ಟೀರಿಯಾ ಒಳಗೇನು ನಡೆಯುತ್ತೆ?

ಕೋಲಾರದ ಕಡೆ ಮಿಶ್ರತಳಿ ಹಸುವಿಗೆ ಕೆಚ್ಚಲು ಬಾವು ಬಂತು ಅಂದ್ರೆ ನಡೆಯೋದು ಹೆಚ್ಚುಕಮ್ಮಿ ಹೀಗೆ. ಮೊದಲ ದಿನ ಮೆಡಿಕಲ್ ಶಾಪಿನಿಂದ ತಂದ, ಮೊಲೆಯೊಳಗೆ ಹಾಕುವ ಒಂದು ಔಷಧಿ ಟ್ಯೂಬ್. ಇಳೀಲಿಲ್ಲ, ಮಾರನೇ ದಿನ ಜೆಂಟಾಮೈಸಿನ್ ಅನ್ನೋ ಆಂಟಿಬಯಾಟಿಕ್. ಆಮೇಲೆ ಬೇರೆ ಕಂಪನಿಯ ಟ್ಯೂಬ್, ಅದಾದ ಮೇಲೆ ಎನ್ರೋಫ್ಲಾಕ್ಸಸಿನ್ ಅನ್ನೋ ಇನ್ನೊಂದು ಆಂಟಿಬಯಾಟಿಕ್. ಕೊನೆಗೆ "ಈಗಿನ ಔಷಧಿಗೆ ಪವರೇ ಇಲ್ಲ ಬಿಡಿ" ಅನ್ನೋ ತೀರ್ಪು. ಔಷಧಿ ಬ್ಯಾಕ್ಟೀರಿಯಾದ ಒಳಗೆ ಹೋಯ್ತಾ, ಹೋದದ್ದು ಅಲ್ಲೇ ನಿಲ್ತಾ ಅಂತ ಮಾತ್ರ ಯಾರೂ ಕೇಳಲ್ಲ. ನನ್ನ ಪ್ರಕಾರ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಬ್ಯಾಕ್ಟೀರಿಯಾಕ್ಕೆ ಬಾಯಿಲ್ಲ. ತಿನ್ನೋದು, ಹೊರಹಾಕೋದು ಎಲ್ಲವೂ ಕೆಲವೇ ನ್ಯಾನೋಮೀಟರ್ ದಪ್ಪದ ಕೊಬ್ಬಿನ ಪೊರೆಯ ಮೂಲಕ. ಆಮ್ಲಜನಕ ಅದನ್ನು ತಾನಾಗಿಯೇ ದಾಟುತ್ತೆ. ಸಕ್ಕರೆ, ಅಮೈನೋ ಆಮ್ಲ, ಕಬ್ಬಿಣ ದಾಟೋಕೆ ಪೊರೆಯಲ್ಲಿ ಹುದುಗಿರುವ ಪ್ರೋಟೀನುಗಳೇ ಬೇಕು, ಅವಕ್ಕೆ ಶಕ್ತಿಯೂ ಬೇಕು. ಉಸಿರಾಟದ ವೇಳೆ ಬ್ಯಾಕ್ಟೀರಿಯಾ ಪ್ರೋಟಾನುಗಳನ್ನು (ಧನ ವಿದ್ಯುದಂಶದ ಕಣಗಳನ್ನು) ಹೊರಕ್ಕೆ ತಳ್ಳುತ್ತೆ. ಪೊರೆಯ ಎರಡು ಬದಿಗೆ 150ರಿಂದ 200 ಮಿಲಿವೋಲ್ಟ್‌ನಷ್ಟು ವಿದ್ಯುತ್ ಒತ್ತಡ ಹುಟ್ಟುತ್ತೆ. ಈ ವಿಚಾರವನ್ನು 1961ರಲ್ಲಿ ಮುಂದಿಟ್ಟ ಬ್ರಿಟಿಷ್ ವಿಜ್ಞಾನಿ ಪೀಟರ್ ಮಿಚೆಲ್ ಅವರಿಗೆ 1978ರಲ್ಲಿ ನೊಬೆಲ್ ಬಂತು. ಕೆಚ್ಚಲು ಬಾವು ತರುವ ಬ್ಯಾಕ್ಟೀರಿಯಾಗಳಲ್ಲೊಂದಾದ ಇ. ಕೋಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಎಳೆದುಕೊಳ್ಳೋದು ಈ ಒತ್ತಡದಿಂದಲೇ: ಒಂದು ಪ್ರೋಟಾನ್ ಒಳಗೆ ಜಾರುವಾಗ ಜೊತೆಗೊಂದು ಲ್ಯಾಕ್ಟೋಸ್. ಹಸುವಿನ ಹಾಲಿನಲ್ಲಿ ಲ್ಯಾಕ್ಟೋಸ್ ಶೇ. 4.5ಕ್ಕಿಂತ ಮೇಲೆಯೇ ಇರೋದರಿಂದ ಅದಕ್ಕೆ ಊಟದ ಚಿಂತೆ ಇಲ್ಲ.

ಚಿಂತೆ ಇರೋದು ಕಬ್ಬಿಣದ್ದು. ಕೆಚ್ಚಲಿನ ಲ್ಯಾಕ್ಟೋಫೆರಿನ್ ಅನ್ನೋ ಪ್ರೋಟೀನು ಇರುವ ಅಲ್ಪಸ್ವಲ್ಪ ಕಬ್ಬಿಣವನ್ನೂ ಕಟ್ಟಿಹಾಕುತ್ತೆ. ಆದರೆ ಹಾಲಿನಲ್ಲಿ ಸಿಟ್ರೇಟ್ ಹೇರಳ. ಇ. ಕೋಲಿಗೆ ಹೊರಗೊಂದು, ಒಳಗೊಂದು ಅಂತ ಎರಡು ಪೊರೆ. ಸಿಟ್ರೇಟಿಗೆ ಅಂಟಿದ ಕಬ್ಬಿಣವನ್ನು ಅದು ಹೊರಪೊರೆಯ ಫೆಕ್-ಎ ಪ್ರೋಟೀನಿನಿಂದ ಹಿಡಿಯುತ್ತೆ. ಹೊರಪೊರೆಯಲ್ಲಿ ಶಕ್ತಿಯ ಮೂಲ ಇಲ್ಲ, ಹಾಗಾಗಿ ಒಳಪೊರೆಗೆ ಕಚ್ಚಿಕೊಂಡ ಟಾನ್-ಬಿ ಅನ್ನೋ ಉದ್ದನೆಯ ಪ್ರೋಟೀನು ಕೈಚಾಚಿ ಅದನ್ನು ಎಳೆದು ತೆರೆಯುತ್ತೆ. ಅಲ್ಲಿಂದ ಒಳಕ್ಕೆ ಸಾಗಿಸೋಕೆ ಎಟಿಪಿ (ಜೀವಕೋಶದ ಶಕ್ತಿಯ ಅಣು) ಖರ್ಚಾಗುತ್ತೆ. ಹಾಲು ಬತ್ತಿಸಿದ ಹಸುವಿನ ಕೆಚ್ಚಲಲ್ಲಿ ಲೆಕ್ಕ ಉಲ್ಟಾ: ಲ್ಯಾಕ್ಟೋಫೆರಿನ್ ಏರುತ್ತೆ, ಸಿಟ್ರೇಟ್ ಇಳಿಯುತ್ತೆ, ಇ. ಕೋಲಿ ಸೊರಗುತ್ತೆ. ಕರು ಹಾಕೋಕೆ ಎರಡು ವಾರ ಇರುವಾಗ ಮತ್ತೆ ತಿರುಗುಮುರುಗು. ಕರು ಹಾಕಿದ ಆಸುಪಾಸಿನಲ್ಲೇ ಇ. ಕೋಲಿ ಬಾವು ಜಾಸ್ತಿ ಯಾಕೆ ಅಂದ್ರೆ ಇದೂ ಒಂದು ಕಾರಣ. ಆ ಎರಡು ವಾರ ಹಸುವನ್ನು ಸಗಣಿ-ಗಂಜಲದ ಮೂಲೆಯಲ್ಲಿ ಕಟ್ಟಬೇಡಿ, ಒಣ ಜಾಗ ಕೊಡಿ. ಯಾವ ಟ್ಯೂಬಿಗಿಂತಲೂ ಅಗ್ಗ.

ಈಗ ಔಷಧಿಗೆ ಬರೋಣ. ಇ. ಕೋಲಿಗೆ ಎರಡು ಪೊರೆ ಅಂದೆನಲ್ಲ. ಹೊರಪೊರೆಯ ಪೋರಿನ್ ರಂಧ್ರಗಳಲ್ಲಿ ಸುಮಾರು 600 ಡಾಲ್ಟನ್ (ಅಣುವಿನ ತೂಕದ ಅಳತೆ) ಒಳಗಿನ, ನೀರಿಗೆ ಒಗ್ಗುವ ಅಣುಗಳಿಗಷ್ಟೇ ದಾರಿ. ಟ್ಯೂಬುಗಳಲ್ಲಿ ಬರುವ ಕ್ಲಾಕ್ಸಾಸಿಲಿನ್ ಅನ್ನೋ ಆಂಟಿಬಯಾಟಿಕ್ ತೂಕದಲ್ಲಿ ಚಿಕ್ಕದೇ, ಆದರೆ ಜಿಡ್ಡಿನ ಸ್ವಭಾವದ್ದು, ನುಸುಳೋದು ತೀರಾ ನಿಧಾನ. ಆ ಟ್ಯೂಬನ್ನು ಇ. ಕೋಲಿ ಬಾವಿಗೆ ಹಾಕೋದು ದುಡ್ಡು ದಂಡ. ಬಾವು ತರುವ ಇನ್ನೊಂದು ಬ್ಯಾಕ್ಟೀರಿಯಾ, ಹೊರಪೊರೆಯೇ ಇಲ್ಲದ ಸ್ಟ್ರೆಪ್ಟೋಕಾಕಸ್‌ಗೆ ಮಾಮೂಲಿ ಪೆನಿಸಿಲಿನ್ ಇವತ್ತಿಗೂ ಚೆನ್ನಾಗಿಯೇ ನಾಟುತ್ತೆ, ಹಳೇ ಔಷಧಿ ಅಂತ ಮೂಗು ಮುರಿಯಬೇಕಾಗಿಲ್ಲ.

ಜೆಂಟಾಮೈಸಿನ್ ಕಥೆ ಬೇರೆ. ಅದನ್ನು ಒಳಗೆ ಎಳೆಯೋದು ಮೇಲೆ ಹೇಳಿದ ಮಿಲಿವೋಲ್ಟ್ ಒತ್ತಡ. ಬ್ಯಾಕ್ಟೀರಿಯಾ ಆಮ್ಲಜನಕ ಬಳಸಿ ಉಸಿರಾಡ್ತಾ ಇದ್ರೆ ಮಾತ್ರ ಔಷಧಿ ಸರಿಯಾಗಿ ಒಳಗೆ ಹೋಗುತ್ತೆ. ಊದಿಕೊಂಡು, ಹಾಲು ಗಡ್ಡೆಗಟ್ಟಿದ ಕೆಚ್ಚಲಲ್ಲಿ ಆಮ್ಲಜನಕ ಕಮ್ಮಿ. ಸಾಲದ್ದಕ್ಕೆ ಹಾಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಹೊರಪೊರೆಯಲ್ಲಿ ಈ ಔಷಧಿ ಕೂರಬೇಕಾದ ಜಾಗಕ್ಕೇ ಪೈಪೋಟಿ ನಡೆಸುತ್ತವೆ. ಲ್ಯಾಬಿನ ತಟ್ಟೆಯಲ್ಲಿ ಗೆದ್ದ ಔಷಧಿ ಕೆಚ್ಚಲಲ್ಲಿ ಸೋಲೋದು ಹೀಗೂ ಉಂಟು.

ಒಳಗೆ ಹೋದದ್ದೂ ನಿಲ್ಲಬೇಕಲ್ಲ. ಇ. ಕೋಲಿಯ ಅಕ್ರ್-ಎಬಿ-ಟಾಲ್‌ಸಿ ಪಂಪು ನಮ್ಮ ಬೋರ್‌ವೆಲ್ ಜೋಡಣೆಯ ಹಾಗೆ: ಕೆಳಗೆ ಒಳಪೊರೆಯಲ್ಲಿ ಅಕ್ರ್-ಬಿ ಮೋಟರು, ನಡುವೆ ಅಕ್ರ್-ಎ ಜೋಡಣೆ, ಹೊರಪೊರೆ ದಾಟಿ ಹೋಗುವ ಟಾಲ್‌ಸಿ ಪೈಪು. ಮೋಟರಿನಲ್ಲಿ ಮೂರು ಭಾಗ. ಸರದಿಯಂತೆ ಒಂದು ಹಿಡಿಯುತ್ತೆ, ಒಂದು ಹಿಂಡುತ್ತೆ, ಒಂದು ಹೊರಹಾಕುತ್ತೆ. ಟೆಟ್ರಾಸೈಕ್ಲಿನ್, ಎನ್ರೋಫ್ಲಾಕ್ಸಸಿನ್ ಎರಡನ್ನೂ ಇದೊಂದೇ ಪಂಪು ಎತ್ತಿ ಹೊರಗೆ ಹಾಕಬಲ್ಲದು. ಪಂಪು ಹೆಚ್ಚಿಸಿಕೊಂಡ ಇ. ಕೋಲಿ ತಳಿ ಔಷಧಿಯನ್ನು ತಡೆದುಕೊಳ್ಳುವ ಶಕ್ತಿ ಸಾಮಾನ್ಯವಾಗಿ ಕೆಲವೇ ಪಟ್ಟು ಏರುತ್ತೆ, ಪೂರ್ತಿ ಡೋಸಿನ ಮುಂದೆ ಅದು ದೊಡ್ಡದಲ್ಲದಿರಬಹುದು. ಅರೆಬರೆ ಡೋಸ್ ಕೊಟ್ಟಾಗ ಮಾತ್ರ ಗೆಲ್ಲೋದು ಅದೇ ತಳಿ. ದಿನಕ್ಕೊಂದು ಔಷಧಿ ಬದಲಿಸಿದರೆ ಯಾವುದೂ ಪೂರ್ತಿ ಡೋಸ್ ಆಗಲ್ಲ, ಹಾಗಾಗಿ ಆ ಅಭ್ಯಾಸವನ್ನು ನಾನು ಚಿಕಿತ್ಸೆ ಅಂತ ಒಪ್ಪಲ್ಲ.

ಮಾಡಬೇಕಾದ್ದು ಇಷ್ಟು. ಮೊದಲ ಟ್ಯೂಬಿಗೂ ಮುಂಚೆ ಸ್ಯಾಂಪಲ್ ತೆಗೀರಿ. ಮೊಲೆ ತೊಳೆದು ಪೂರ್ತಿ ಒರೆಸಿ, ಮೊದಲ ಮೂರ್ನಾಲ್ಕು ಧಾರೆ ಚೆಲ್ಲಿ, ಶೇ. 70ರ ಸ್ಪಿರಿಟ್ ಅದ್ದಿದ ಹತ್ತಿಯಿಂದ ಮೊಲೆಯ ತುದಿಯನ್ನು ಚೆನ್ನಾಗಿ ಉಜ್ಜಿ ಆರಲು ಬಿಡಿ. ಸ್ಟೆರೈಲ್ ಬಾಟಲಿಯನ್ನು ಓರೆಯಾಗಿ ಹಿಡಿದು 5 ಮಿಲಿ ಹಾಲು ಹಿಂಡಿ. ನೆಟ್ಟಗೆ ಹಿಡಿದರೆ ಕೆಚ್ಚಲ ಧೂಳು ಅದರೊಳಗೇ ಬೀಳುತ್ತೆ. ಐಸಿನಲ್ಲಿಟ್ಟು 24 ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ. ಕೋಲಾರದಿಂದ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ದೂರವೇನಲ್ಲ, ತಾಲ್ಲೂಕಿನ ಪಶುವೈದ್ಯರೇ ದಾರಿ ತೋರಿಸ್ತಾರೆ. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಯಾವುದು ಅಂತ ಗುರುತಿಸೋಕೆ ಒಂದು ದಿನ, ಯಾವ ಔಷಧಿ ನಾಟುತ್ತೆ ಅಂತ ತಿಳಿಯೋಕೆ ಇನ್ನೊಂದು ದಿನ. ಹಸು ಮೇವು ತಿಂತಾ ಇದೆ, ಜ್ವರ ಇಲ್ಲ, ಹಾಲು ಮಾತ್ರ ಒಡೆದಿದೆ ಅಂದ್ರೆ ವೈದ್ಯರನ್ನು ಕೇಳಿ ಒಂದು ದಿನ ಕಾಯಬಹುದು, ಇಂಥ ಇ. ಕೋಲಿ ಬಾವು ಎಷ್ಟೋ ಸಲ ತಾನಾಗಿಯೇ ಇಳಿಯುತ್ತೆ. ಜ್ವರ ಬಂದಿದ್ರೆ, ಹಸು ಮಲಗಿಬಿಟ್ಟಿದ್ರೆ ಸ್ಯಾಂಪಲ್ ತೆಗೆದಿಟ್ಟು ತಕ್ಷಣ ವೈದ್ಯರನ್ನು ಕರೆಸಿ, ವರದಿಗೆ ಕಾಯಬೇಡಿ.

ಇನ್ನೊಂದು. ಟ್ಯೂಬ್ ಹಾಕಿದ ಹಸುವಿನ ಹಾಲನ್ನು ಲೇಬಲ್‌ನಲ್ಲಿ ಬರೆದಷ್ಟು ದಿನ ಡೇರಿಗೆ ಹಾಕಬಾರದು ಅಂತ ಎಲ್ಲರಿಗೂ ಗೊತ್ತು. ಚೆಲ್ಲೋಕೆ ಮನಸ್ಸು ಬಾರದೆ ಅದನ್ನು ಕರುವಿಗೆ ಕುಡಿಸ್ತಾರೆ. ಕರುವಿನ ಕರುಳಲ್ಲಿರೋದೂ ಇ. ಕೋಲಿಯೇ, ಅದಕ್ಕೆ ಸಿಗೋದು ಅದೇ ಅರೆಬರೆ ಡೋಸ್. ಆ ಸಗಣಿ ಬೀಳೋದು ಕರು ಹಾಕಲಿರುವ ಹಸು ಮಲಗುವ ಕೊಟ್ಟಿಗೆಯಲ್ಲೇ.