ಮನೆಗೆ ಕರೆಯದವರು ಮದುವೆಯ ಲೆಕ್ಕ ಕೇಳೋದು

ಮಧ್ಯಾಹ್ನ ಊಟದ ಹೊತ್ತಲ್ಲಿ ಕೇಳಿದ ಮಾತಿಗೆ ಇನ್ನೂ ಮೈ ಉರೀತಿದೆ. ಇಲ್ಲಿ ಜರ್ಮನಿಯಲ್ಲಿ ನಮ್ಮ ಆಫೀಸಿನ ಟರ್ಕಿ ಮೂಲದ ಹುಡುಗಿ ನಿಶ್ಚಿತಾರ್ಥದ ಫೋಟೋ ತೋರಿಸಿದಳು. ಹುಡುಗನೂ ಟರ್ಕಿ ಮೂಲದವನೇ. ಅವಳು ಎದ್ದು ಹೋಗಿದ್ದೇ ತಡ, ಪಕ್ಕದಲ್ಲಿದ್ದ ಜರ್ಮನ್ ಸಹೋದ್ಯೋಗಿ, "ಎಷ್ಟು ತಲೆಮಾರು ಕಳೆದರೂ ಇವರು ನಮ್ಮವರನ್ನ ಮದುವೆ ಆಗಲ್ಲ" ಅಂದ. ನೀನು ಯಾವತ್ತಾದ್ರೂ ಅವರಲ್ಲಿ ಒಬ್ಬರನ್ನ ಮನೆಗೆ ಊಟಕ್ಕೆ ಕರೆದಿದ್ದೀಯಾ ಅಂತ ಕೇಳಿದೆ. ಇಲ್ಲವಂತೆ. ಆ ಸಂದರ್ಭವೇ ಬಂದಿಲ್ಲವಂತೆ.

ಹೇಗೆ ಬರುತ್ತೆ? 1961ರಲ್ಲಿ ಪಶ್ಚಿಮ ಜರ್ಮನಿ ಒಪ್ಪಂದ ಮಾಡಿಕೊಂಡು ಟರ್ಕಿಯಿಂದ ಕೆಲಸಗಾರರನ್ನು ಕರೆಸಿದಾಗ, ಎರಡು ವರ್ಷ ದುಡಿದು ವಾಪಸ್ ಹೋಗಲಿ ಅನ್ನೋದೇ ಲೆಕ್ಕ. ಕಾರ್ಖಾನೆಯ ಹಾಸ್ಟೆಲ್‌ಗಳಲ್ಲಿ ಒಂದರ ಮೇಲೊಂದು ಮಂಚ ಹಾಕಿ ಮಲಗಿಸಿದರು. 1973ರಲ್ಲಿ ನೇಮಕ ನಿಂತಿತು. ಈಗ ಹೋದರೆ ಮತ್ತೆ ಬರೋಕಾಗಲ್ಲ ಅಂತ ಎಷ್ಟೋ ಜನ ಹೆಂಡತಿ ಮಕ್ಕಳನ್ನು ಇಲ್ಲಿಗೇ ಕರೆಸಿಕೊಂಡರು. ಮನೆ ಸಿಕ್ಕಿದ್ದು ಬಾಡಿಗೆ ಕಡಿಮೆ ಇದ್ದ ಹಳೇ ಬೀದಿಗಳಲ್ಲಿ. ಕೆಲವು ಕಡೆ ಮಕ್ಕಳನ್ನೂ ಬೇರೆ ತರಗತಿಯಲ್ಲಿ ಕೂರಿಸಿದರು. ಇಲ್ಲೇ ಹುಟ್ಟಿದ ಮಗುವಿಗೆ ಹುಟ್ಟಿನಿಂದಲೇ ಪೌರತ್ವ ಕೊಡೋ ಕಾನೂನು ಬಂದದ್ದು 2000ದಲ್ಲಿ, ಅದೂ ಷರತ್ತಿನ ಮೇಲೆ.

ಸಂಬಂಧ ಕೂಡಿಬರೋದು ಗೆಳತಿಯ ಅಣ್ಣ, ಪಕ್ಕದ ಮನೆಯವರ ಪರಿಚಯ, ಹೀಗೆ ತಾನೇ? ಹೋಗಿ ಬರೋ ಬಳಕೆಯೇ ಇಲ್ಲದ ಮನೆಗೆ ಯಾವ ತಾಯಿ ಮಗಳನ್ನು ಕೊಡ್ತಾಳೆ? ನನ್ನದೂ ಜಾತಿ ಮೀರಿದ ಮದುವೆ ಅಂತ ನಿಮಗೆಲ್ಲ ಗೊತ್ತಲ್ಲ. ಅಪ್ಪನ ಮನಸ್ಸು ಕರಗಿದ್ದು ನನ್ನ ವಾದಕ್ಕಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ನಮ್ಮತ್ತೆ ಬಂದು ರಾತ್ರಿಯಿಡೀ ಪಕ್ಕದಲ್ಲಿ ಕೂತಿದ್ದರು, ಅದಕ್ಕೆ.

ಧರ್ಮವೇ ಬಿಡಲ್ವಲ್ಲ ಅಂತೀರಾ? ಮುಸ್ಲಿಂ ಗಂಡು ಕ್ರೈಸ್ತ, ಯಹೂದಿ ಹೆಣ್ಣನ್ನು ಮದುವೆ ಆಗಬಹುದು, ಹೆಣ್ಣಿಗೆ ಆ ಅವಕಾಶ ಇಲ್ಲ ಅಂತ ಸಂಪ್ರದಾಯದ ಪಂಡಿತರು ಹೇಳ್ತಾ ಬಂದಿರೋದು ನಿಜ. ಆದರೆ ಟರ್ಕಿಯ 1926ರ ನಾಗರಿಕ ಕಾನೂನು ಹೆಣ್ಣಿಗೂ ಅಡ್ಡಿ ಮಾಡಲಿಲ್ಲ. ಟುನೀಷಿಯಾ 2017ರಲ್ಲಿ ತನ್ನ ನಿಷೇಧ ತೆಗೆಯಿತು. ಓದೋ ಕುರಾನ್ ಅದೇ ಅಲ್ವಾ? ಸುಮ್ನೆ ಎಲ್ಲವನ್ನೂ ಧರ್ಮದ ತಲೆಗೆ ಕಟ್ಟಬೇಡಿ.

ಆ ಮನೆಗಳ ಮೇಲೂ ನನಗೆ ಸಿಟ್ಟಿದೆ. ಮಗ ಜರ್ಮನ್ ಹುಡುಗಿಯನ್ನು ಕರೆತಂದರೆ ನಾಲ್ಕು ದಿನ ಮುಖ ಊದಿಸಿಕೊಂಡು ಆಮೇಲೆ ಚಹಾ ಕೊಡ್ತಾರೆ. ಮಗಳು ಹುಡುಗನ ಹೆಸರೆತ್ತಿದರೆ ಮೊದಲು ಅವನು ಮತ ಬದಲಿಸಲಿ ಅಂತಾರೆ. ಇದು ಅನ್ಯಾಯ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳ್ತೀನಿ. ಆದರೆ ಆ ಮಗಳು ಅಪ್ಪನ ಎದುರು ನಿಲ್ಲೋ ದಿನ ಜೊತೆಗೆ ನಿಲ್ಲೋಕೆ ಗೆಳತಿಯರು ಬೇಕು. ಶಾಲೆಯಲ್ಲೇ ಅವಳನ್ನು ದೂರ ಇಟ್ಟವರ ಮಕ್ಕಳಲ್ಲಿ ಯಾರು ಬರ್ತಾರೆ?