ಚೇರಂಬಾಣೆಯಿಂದ ನೇರ ಪ್ರಸಾರ

ಗೇಮ್ ಲೈವ್ ಮಾಡೋಕೆ ಏನೇನು ಬೇಕು ಅಂತ ಯೂಟ್ಯೂಬ್‌ನಲ್ಲಿ ಹುಡುಕಿದರೆ ರಾಶಿ ರಾಶಿ ವಿಡಿಯೊ ಸಿಗುತ್ತವೆ. ಯಾವುದರಲ್ಲೂ ಮಾತಾಡುವವನ ಮನೆ ಮೇಲೆ ಮಳೆ ಸುರಿಯುತ್ತಿರುವುದಿಲ್ಲ. ನಮ್ಮ ಮನೆ ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ, ಚೇರಂಬಾಣೆ ಹತ್ತಿರ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದು ಅಷ್ಟಕ್ಕಷ್ಟೇ. ನನ್ನ ರೂಮಿಗೆ ತಗಡಿನ ಶೀಟು. ಹಾಗಾಗಿ ಆ ವಿಡಿಯೊಗಳ ಪಟ್ಟಿಯನ್ನು ಇಲ್ಲಿ ಕೆಳಗಿನಿಂದ ಓದಬೇಕು. ಮೊದಲು ಯುಪಿಎಸ್, ಆಮೇಲೆ ಇಂಟರ್ನೆಟ್, ಆಮೇಲೆ ಮೈಕ್. ಕ್ಯಾಮೆರಾ ಇದ್ದರೆ ಇರಲಿ, ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ಆದರೆ ಮನೆಗೆ ಮೊದಲು ಬಂದದ್ದು ಮೈಕ್. ಬೆಂಗಳೂರಿನ ಭಾವ ಪ್ರೀತಿಯಿಂದ ಕೊಟ್ಟ ಕಂಡೆನ್ಸರ್ ಮೈಕ್. ದೂರದ ಸಣ್ಣ ಸದ್ದನ್ನೂ ಹಿಡಿಯುವುದೇ ಅದರ ಹೆಚ್ಚುಗಾರಿಕೆ. ಹಿಡಿಯಿತು. ಮೊದಲು ಶೀಟಿನ ಮೇಲಿನ ಮಳೆ, ಆಮೇಲೆ ಜೀರುಂಡೆ, ಆಮೇಲೆ ಅಮ್ಮನ ಕುಕ್ಕರ್. ನನ್ನ ದನಿಗೆ ನಾಲ್ಕನೇ ಸ್ಥಾನ. ಲೈವ್ ಕಳಿಸುವ ಸಾಫ್ಟ್‌ವೇರ್ ಓಬಿಎಸ್‌ನಲ್ಲಿ, ಬೇಡದ ಸದ್ದು ಅಡಗಿಸುವ ನಾಯ್ಸ್ ಸಪ್ರೆಷನ್ ಫಿಲ್ಟರ್ ಹಾಕಿದೆ. ಮಳೆ ಹೋಯಿತು, ಅದರ ಜೊತೆ ನನ್ನ ಅರ್ಧ ಮಾತೂ ಹೋಯಿತು.

ಒಂದು ರಾತ್ರಿ ವ್ಯಾಲರಂಟ್ ಎಂಬ ಗುಂಡು ಹಾರಿಸುವ ಗೇಮ್ ಆಡುತ್ತಿದ್ದೆ. ಪಕ್ಕದ ತೋಟಕ್ಕೆ ಆನೆ ಬಂತು. ಓಡಿಸೋಕೆ ಅವರು ಪಟಾಕಿ ಸಿಡಿಸಿದರು. ಲೈವ್ ನೋಡುವವರ ಚಾಟ್ ಎದ್ದು ಕೂತಿತು.

‘ಬ್ರೋ, ಹಿಂದೆ ಇದ್ದಾನೆ ನೋಡು!’

‘ಸೌಂಡ್ ಸೂಪರ್ ಗುರು. ಯಾವ ಸೆಟ್ಟಿಂಗ್ ಹಾಕಿದೀಯ?’

‘ಆನೆ’ ಅಂತ ಟೈಪ್ ಮಾಡಿದೆ. ಯಾರೂ ನಂಬಲಿಲ್ಲ. ಅದು ಗೇಮಿನ ಹೊಸ ಏಜೆಂಟ್, ಅಂದರೆ ಪಾತ್ರದ ಹೆಸರಾ, ಯಾವಾಗ ಬಂದಿದ್ದು ಅಂತ ಒಬ್ಬ ಕೇಳಿದ.

ಈಗ ಡೈನಾಮಿಕ್ ಮೈಕ್ ಬಂದಿದೆ. ಬಾಯಿಗೆ ಹತ್ತಿರ ಇಟ್ಟುಕೊಂಡು ಮಾತಾಡಬೇಕು, ದೂರದ ಸದ್ದಿಗೆ ಅದು ಅಷ್ಟಾಗಿ ಕಿವಿಗೊಡುವುದಿಲ್ಲ. ಮಳೆ ಸೀಮೆಯವರು ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ.

ಸಾಫ್ಟ್‌ವೇರ್ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಬೇಡ. ಓಬಿಎಸ್ 2012ರಿಂದ ಪುಕ್ಕಟೆ ಸಿಗುತ್ತಿದೆ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ದರೆ, ವಿಡಿಯೊ ಕುಗ್ಗಿಸುವ ಕೆಲಸವನ್ನು ಅದಕ್ಕೇ ವಹಿಸುವ ಎನ್‌ವೆಂಕ್ ಆರಿಸಿ, ಪ್ರೊಸೆಸರ್ ಮೇಲಿನ ಭಾರ ಇಳಿಯುತ್ತದೆ. ಕಂಪ್ಯೂಟರ್‌ನಲ್ಲೇ ಆಡುವವರಿಗೆ ಕ್ಯಾಪ್ಚರ್ ಕಾರ್ಡ್ ಯಾಕೆ? ಅದು ಪ್ಲೇಸ್ಟೇಷನ್‌ನಂಥ ಕನ್ಸೋಲ್ ಇರುವವರಿಗೆ, ಅದರ ಚಿತ್ರವನ್ನು ಕಂಪ್ಯೂಟರಿಗೆ ತರೋಕೆ. ಅಂಗಡಿಯವರು ಮಾತ್ರ ಎಲ್ಲರಿಗೂ ತೋರಿಸುತ್ತಾರೆ.

ಒಂದು ಸೆಟ್ಟಿಂಗ್ ಮಾತ್ರ ಇಲ್ಲಿಗೆಂದೇ ಮಾಡಿದ ಹಾಗಿದೆ. ರೆಕಾರ್ಡಿಂಗ್ ಎಂಕೆವಿ ಎಂಬ ಫೈಲ್ ಮಾದರಿಯಲ್ಲಿ ಇಟ್ಟರೆ ಮಧ್ಯದಲ್ಲಿ ಕರೆಂಟ್ ಹೋದರೂ ಅಲ್ಲಿವರೆಗಿನದು ಉಳಿಯುತ್ತದೆ. ಸಾದಾ ಎಂಪಿ4 ಆದರೆ ಫೈಲ್ ತೆರೆಯುವುದೇ ಕಷ್ಟ. ಲೈನ್ ಮೇಲೆ ಸಿಲ್ವರ್ ಓಕ್ ಕೊಂಬೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಎಂದು ಲೈನ್‌ಮನ್ನನೂ ಹೇಳುವುದಿಲ್ಲ. ಯುಪಿಎಸ್ ಇರುವುದು ಆಟ ಮುಗಿಸೋಕೆ ಅಲ್ಲ, ‘ಕರೆಂಟ್ ಹೋಯ್ತು, ಬರ್ತೀನಿ’ ಅಂತ ಮರ್ಯಾದೆಯಿಂದ ಹೇಳಿ ಹೋಗೋಕೆ.

ಇಂಟರ್ನೆಟ್ ಕೊಡುವವರು ಹೇಳುವುದೆಲ್ಲ ಡೌನ್‌ಲೋಡ್ ಲೆಕ್ಕ. ನಮಗೆ ಬೇಕಿರುವುದು ಅಪ್‌ಲೋಡ್. ಸೆಕೆಂಡಿಗೆ 60 ಫ್ರೇಮಿನ 1080ಪಿ ವಿಡಿಯೊಗೆ, ಗೇಮ್ ಲೈವ್ ತೋರಿಸುವ ತಾಣ ಟ್ವಿಚ್ ಹೇಳುವುದು 6000 ಕೆಬಿಪಿಎಸ್, ಅಂದರೆ 6 ಎಂಬಿಪಿಎಸ್. ಅದರ ಮೇಲೂ ಸ್ವಲ್ಪ ಕೈಯಲ್ಲಿರಬೇಕು. ನಮ್ಮ ಲೈನು ಬಿಸಿಲಿದ್ದಾಗ ಅಷ್ಟು ಕೊಡುತ್ತದೆ. ಮಳೆಗಾಲದಲ್ಲಿ ನಾನು 30 ಫ್ರೇಮಿನ 720ಪಿಗೆ ಇಳಿದು 3000ಕ್ಕೆ ತೃಪ್ತನಾಗುತ್ತೇನೆ. ಮಂಜು ಕವಿದಾಗ ನಮಗೆ ಎದುರಿನ ಗುಡ್ಡವೇ ಕಾಣುವುದಿಲ್ಲ, ನೋಡುವವರಿಗೆ ನನ್ನ ಮುಖ ಮಸುಕಾದರೆ ಏನಂತೆ?

ಮುಖ ಬೆಳಗಿಸೋಕೆ ಅಂತ ರಿಂಗ್ ಲೈಟ್ ತಂದದ್ದೂ ಆಯಿತು. ಊರಿಗೆಲ್ಲ ಕರೆಂಟ್ ಹೋಗಿ ನಮ್ಮ ಕಿಟಕಿಯಲ್ಲಿ ಮಾತ್ರ ಅದು ಉರಿಯುತ್ತಿತ್ತು. ಸುತ್ತಲಿನ ತೋಟಗಳ ಮಳೆಹುಳ ಪೂರ್ತಿ ಒಳಗೆ ಬಂತು. ಕೀಬೋರ್ಡಿನ ಸಂದಿಯಲ್ಲಿ ರೆಕ್ಕೆ, ಕಾಫಿ ಲೋಟದಲ್ಲಿ ರೆಕ್ಕೆ, ಮಾತಾಡೋಕೆ ಬಾಯಿ ತೆರೆದರೆ ಅಲ್ಲೂ ಒಂದು. ಹಲ್ಲಿಗಳಿಗೆ ಆವತ್ತು ಹಬ್ಬ. ಅವತ್ತಿನ ಲೈವ್ ನೋಡಿದವರು ಜಾಸ್ತಿ, ಆಟ ನೋಡಿದವರು ಕಡಿಮೆ.

ಹೆಡ್‌ಸೆಟ್‌ನ ಕಿವಿದಿಂಬಿಗೆ ಜುಲೈನಲ್ಲಿ ಹಸಿರು ಬೂಷ್ಟು ಬಂತು. ವಾರಂಟಿ ಕೇಳಿದರೆ ‘ಸರ್, ಬಳಸದೇ ಇಟ್ಟಿದ್ರಾ?’ ಅಂದರು. ದಿನಾ ಬಳಸುತ್ತಿದ್ದೆ!

ಅಪ್ಪನ ವಿಷಯ ಬೇರೆ. ನಮ್ಮದು ಜಮ್ಮಾ ಹಿಡುವಳಿ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನು, ಮನೆಯಲ್ಲಿ ಕೋವಿ ಇದೆ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ, ಲೈಸೆನ್ಸ್ ಬೇಡ. ಹಾಗಾಗಿ ಗೇಮಿನಲ್ಲಿ ಯಾರಾದರೂ ಬಂದೂಕು ಎತ್ತಿದರೆ ಅಪ್ಪನಿಗೆ ಸುಮ್ಮನಿರಲು ಆಗುವುದಿಲ್ಲ. ಹಿಂದೆ ನಿಂತು ಶುರು ಮಾಡುತ್ತಾರೆ.

‘ಏನೋ ಇದು, ನಳಿಗೆ ಜೊತೆಯವನ ಕಡೆಗೇ ತಿರುಗಿಸ್ಕೊಂಡು ಓಡ್ತಾನೆ? ಯಾರೂ ಹೇಳಿಕೊಟ್ಟಿಲ್ವಾ ಇವನಿಗೆ?’

‘ಅಪ್ಪಾ, ಲೈವ್ ಇದೆ.’

‘ಇರಲಿ, ಅವನಿಗೂ ಕೇಳಲಿ. ಮೊದಲು ಕೋವಿ ಕೆಳಗೆ ಮಾಡು ಅನ್ನು.’

ಈಗ ಚಾಟ್‌ನಲ್ಲಿ ನನ್ನನ್ನು ಕೇಳುವವರಿಲ್ಲ. ಬಂದವರೆಲ್ಲ ‘ಅಂಕಲ್ ಎಲ್ಲಿ?’ ಎನ್ನುತ್ತಾರೆ. ಅಪ್ಪ ದೂರ ನಿಂತು ಮಾತಾಡುವುದರಿಂದ ಡೈನಾಮಿಕ್ ಮೈಕಿಗೆ ಅವರ ದನಿ ಸರಿಯಾಗಿ ಸಿಗುವುದಿಲ್ಲ ಎಂದು ದೂರು ಬೇರೆ. ಓಬಿಎಸ್‌ನಲ್ಲಿ ಎರಡನೇ ಮೈಕ್ ಸೇರಿಸುವುದೇನೂ ಕಷ್ಟವಲ್ಲ. ಕಾಲರಿಗೆ ಸಿಕ್ಕಿಸುವಂಥದ್ದು ಒಂದು ತರಿಸೋಣ ಎಂದು ಅಪ್ಪನಿಗೆ ಹೇಳಿದೆ. ಅವರು ಬೆಲೆ ಕೇಳಿದರು, ಸ್ವಲ್ಪ ಹೊತ್ತು ಯೋಚಿಸಿದರು.

‘ಕಾಫಿ ಬೋರ್ಡಿಂದ ಇದಕ್ಕೆ ಸಬ್ಸಿಡಿ ಏನಾದ್ರೂ ಇದೆಯಾ, ವಿಚಾರಿಸು.’